ಹತ್ತನೇ ತಾರೀಕು ದಾಟುವವರೆಗೆ

ಎತೆಲ್ಕಾ ಟೀಚರ್ ಒಳ್ಳೆಯವರು ಅಂತ ಊರೆಲ್ಲ ಹೇಳುತ್ತದೆ. ಒಳ್ಳೆಯವರೇ. ನನ್ನ ಹೊಟ್ಟೆ ಉರಿಯುವುದೂ ಅದಕ್ಕೇ.

ಟಿಸಾ ನದಿ ದಂಡೆಯ ನಮ್ಮ ಶಾಲೆಯಲ್ಲಿ ಜಾಣ ಮಕ್ಕಳಿದ್ದರೂ ಕೇಳುವವರಿರಲಿಲ್ಲ. ಈ ಒಂಟಿ ಹೆಂಗಸು ಸಾಮಾನಿನ ಕೋಣೆ ಗುಡಿಸಿ, ಒಲೆ ಹಚ್ಚಿ, ತಮ್ಮ ಪುಸ್ತಕಗಳನ್ನೆಲ್ಲ ತಂದಿಟ್ಟು ಬುಧವಾರದ ಗಣಿತ ಕೂಟ ಶುರು ಮಾಡಿದರು. ಬುಡಾಪೆಸ್ಟಿನಿಂದ ಮಕ್ಕಳ ಗಣಿತ ಮಾಸಪತ್ರಿಕೆ ತರಿಸಿದರು. ಅದರ ಸಮಸ್ಯೆಗಳನ್ನು ಬಿಡಿಸಿ ಮುಂದಿನ ತಿಂಗಳ ಹತ್ತರೊಳಗೆ ಅಂಚೆಗೆ ಹಾಕಬೇಕು. ವರ್ಷದ ಅಂಕಗಳು ಸಾಕಷ್ಟಾದರೆ ರಾಜಧಾನಿಯ ವಿಶೇಷ ತರಗತಿಯಲ್ಲಿ ಜಾಗ, ಹಾಸ್ಟೆಲ್ಲೂ ಉಂಟು. ಸಿಗದಿದ್ದರೆ ಕೋಳಿ ಮಾಂಸದ ಕಾರ್ಖಾನೆಯ ಕೆಲಸವೇ ಗತಿ ಅಂತ ಅಪ್ಪ ಹೇಳಿಬಿಟ್ಟಿದ್ದ.

ಟೀಚರ್‌ಗೆ ಒಂದು ವ್ರತ. ಹತ್ತನೇ ತಾರೀಕು ದಾಟುವವರೆಗೆ ಆ ಸಮಸ್ಯೆಗಳ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ. ಸುಳಿವು ಕೊಡುವುದು ಅವರಿಗೆ ಕಳ್ಳತನಕ್ಕೆ ಸಮ.

ಆ ಏಪ್ರಿಲ್‌ನಲ್ಲಿ ಕೊನೆಯ ಸಮಸ್ಯೆಗೆ ನನ್ನ ಉತ್ತರ ಐದೇ ಸಾಲಿಗೆ ಮುಗಿಯಿತು. ಇಷ್ಟು ಸಲೀಸೇ? ನಂಬಿಕೆ ಬರದೆ ಹಾಳೆ ಹಿಡಿದು ಓಡಿದೆ.

"ಟೀಚರ್, ತಪ್ಪೋ ಸರಿನೋ, ಅಷ್ಟೇ ಹೇಳಿ."

"ಪಿರೋಷ್ಕಾ, ಇವತ್ತಿನ್ನೂ ಎಂಟನೇ ತಾರೀಕು ಕಣೇ! ತೆಗಿ ಅತ್ಲಾಗೆ."

ಆದರೂ ಅವರ ಕಣ್ಣು ಹಾಳೆಯ ಮೇಲೆ ಹರಿದಿತ್ತು. ತಟ್ಟನೆ ತುಟಿ ಬಿಗಿದು ಕಿಟಕಿಯತ್ತ ಮುಖ ತಿರುಗಿಸಿದರು. ತಪ್ಪು ಅಂತಲೇ ನಾನು ತಿಳಿದೆ. ಹಾಳೆಯನ್ನು ಕಳಿಸಲೇ ಇಲ್ಲ.

ಹದಿನಾಲ್ಕರ ಬುಧವಾರ ಅವರು ಗಸಗಸೆ ರೊಟ್ಟಿ ಮಾಡಿಕೊಂಡು ಬಂದರು.

"ಏನೇ ಹುಡುಗಿ, ನಿನ್ನ ಉತ್ತರ ನೋಡಿ ಕುಣಿಯೋ ಹಾಗಾಗಿತ್ತು! ನಗು ತಡೆಯೋಕೆ ಎಷ್ಟು ಕಷ್ಟ ಆಯ್ತು ಗೊತ್ತಾ?"

"ನಾನು ಕಳಿಸ್ಲಿಲ್ಲ ಟೀಚರ್."

ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ.

ವರ್ಷದ ಲೆಕ್ಕ ಬಂದಾಗ ಜಾಗ ಸಿಗಲು ಮೂರು ಅಂಕ ಕಡಿಮೆ ಬಿತ್ತು. ವಿಶೇಷ ತರಗತಿಯವರನ್ನು ಕಾಣಲು ಟೀಚರ್ ಮಾರನೇ ದಿನವೇ ಬುಡಾಪೆಸ್ಟಿನ ರೈಲು ಹತ್ತಿದರು. ಸಂಜೆ ನಾನು ಸ್ಟೇಷನ್ನಿನಲ್ಲಿ ಕಾದಿದ್ದೆ.

"ನಡೆದದ್ದೆಲ್ಲ ಹೇಳ್ದೆ ಮಗಾ. ಅಂಕ ಅಂದ್ರೆ ಅಂಕ ಅಂದ್ರು."

"ನೀವೇನಂದ್ರಿ?"

"ಏನನ್ಲಿ? ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ಅಂತಿದ್ದೆ."

ಹಾಗೆಂದು ನಿಂತಲ್ಲೇ ಬಿಕ್ಕಿಬಿಕ್ಕಿ ಅತ್ತರು. ಜಗಳವಾಡಿ ಸೋತು ಬಂದಿದ್ದರೆ ಅವರನ್ನು ತಬ್ಬಿಕೊಳ್ಳುತ್ತಿದ್ದೆ. ಒಬ್ಬಳೇ ಮನೆಗೆ ನಡೆದು, ಸೋಮವಾರದಿಂದ ಕಾರ್ಖಾನೆ ಕೆಲಸಕ್ಕೆ ಹೋಗುತ್ತೇನೆ ಅಂತ ಅಪ್ಪನಿಗೆ ಹೇಳಿದೆ.