ಜಲಪಾತ ನೋಡಲು ಬಂದ ಜಿಮ್ಮಿ

ಕಳೆದ ಭಾನುವಾರ ಜಲಪಾತವೊಂದರ ಎದುರು ನಿಂತು ಬಾಯಿಗೆ ಬಂದಂತೆ ಬೈದೆ. ಯಾರನ್ನು? ನೀರನ್ನು!

ಅಷ್ಟು ಚಂದದ ನೀರು ಏನು ಮಾಡಿತ್ತು ಅಂತೀರಾ? ನಮ್ಮ ಜಿಮ್ಮಿ ಕಾಣಿಸುತ್ತಿರಲಿಲ್ಲ.

ಜಿಮ್ಮಿ ಅಂದರೆ ನ್ಯಾಮತಿಯ ನಮ್ಮ ಮನೆಯ ನಾಯಿ. ಅಪ್ಪಟ ಬೀದಿ ತಳಿ. ಮರಿಯಾಗಿದ್ದಾಗ ಮಗಳು ಮೇಘನಾ ಸವಳಂಗದ ಬಸ್ ಸ್ಟ್ಯಾಂಡಿನಿಂದ ಎತ್ತಿಕೊಂಡು ಬಂದಿದ್ದಳು. ಹೆಂಡತಿ ಶಾರದಾ ಅವತ್ತೇ ಕಾನೂನು ಮಾಡಿದಳು: ಬಾಗಿಲಲ್ಲಿ ನಾವು ಚಪ್ಪಲಿ ಬಿಡುವ ಜಾಗವೇ ಅದರ ಜಾಗ. ಅದನ್ನು ದಾಟಿ ಒಳಗೆ ಕಾಲಿಡುವಂತಿಲ್ಲ. "ಹಚಾ, ಚಪ್ಪಲಿ ಹತ್ರ ಹೋಗು!" ಎಂದು ಗದರಿಸಿ ಗದರಿಸಿ ಕಲಿಸಿಯೂ ಬಿಟ್ಟಳು. (ನನಗೆ ಕಲಿಸುವುದು ಇನ್ನೂ ಮುಗಿದಿಲ್ಲ.)

ಮೇಘನಾ ಮೊಬೈಲಿನಲ್ಲಿ ಯಾವುದೋ 'ಡಾಗ್ ಫ್ರೆಂಡ್ಲಿ ಟ್ರೆಕ್' ಹುಡುಕಿದ್ದಳು. ಘಟ್ಟದ ಕಡೆಯ ಜಲಪಾತ. (ಹೆಸರು ಹೇಳಲಾರೆ. ಹೇಳಿದರೆ ಮುಂದಿನ ಭಾನುವಾರ ನೀವೆಲ್ಲ ಅಲ್ಲೇ ಇರುತ್ತೀರಿ.)

"ಕಾರಲ್ಲಿ ಕೂರಿಸ್ಕಂಡು ಹೋಗಾಕೆ ಅದೇನು ಬೀಗರಾ?" ಎಂದಳು ಶಾರದಾ.

ಬೀಗರು ಹಿಂದಿನ ಸೀಟಿನಲ್ಲಿ, ಕಿಟಕಿ ಪಕ್ಕ ಕೂತೇ ಬಂದರು.

ಬೆಟ್ಟ ಹತ್ತುವಾಗ ಜಿಮ್ಮಿ ನಮಗಿಂತ ಮುಂದೆ. ಜಲಪಾತಕ್ಕೆ ಸ್ವಲ್ಪ ಮೊದಲು ಕುಂಕುಮ ಹಚ್ಚಿದ ಕಲ್ಲೊಂದಿತ್ತು. ಇಳಿದು ಬರುತ್ತಿದ್ದವರೊಬ್ಬರು, "ನೀರು ಬೀಳೋ ಜಾಗ ಅಮ್ಮಂದು ರೀ, ಚಪ್ಪಲಿ ಇಲ್ಲೇ ಬಿಟ್ಟು ಹೋಗ್ರಿ" ಎಂದರು. ಬಿಟ್ಟೆವು. ಬರಿಗಾಲಲ್ಲಿ ಕುಂಟುತ್ತಾ ಮುಂದೆ ಹೋದೆವು. ನೀರು ಕಂಡದ್ದೇ ತಡ, ಫೋಟೋ ಶುರು.

ಜಿಮ್ಮಿ ಜೊತೆಯಲ್ಲಿಲ್ಲ ಅಂತ ಗೊತ್ತಾಗಿದ್ದು ಮಂಡಕ್ಕಿ ಪ್ಯಾಕೆಟ್ ಬಿಚ್ಚಿದಾಗ. ಆ ಸದ್ದಿಗೆ ಓಡಿ ಬರದೇ ಇರುವ ನಾಯಿಯೇ ಅಲ್ಲ ಅದು!

ಕೂಗಿದೆವು. ನೀರಿನ ಭೋರ್ಗರೆತದಲ್ಲಿ ನಮ್ಮ ಕೂಗು ನಾಲ್ಕು ಮಾರು ದಾಟಲಿಲ್ಲ. ಕೆಳಗೆ ಮಡುವಿನಲ್ಲಿ ನೀರು ಸುಳಿ ತಿರುಗುತ್ತಿತ್ತು. ಮೇಘನಾ ಅಳತೊಡಗಿದಳು. ನಾನು ಆ ನೀರನ್ನೇ ಬೈಯತೊಡಗಿದೆ. ಶಾರದಾ? ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದದ ನೀರಿಗಿಳಿದು, ಬಂಡೆ ಸಂದಿಗಳಲ್ಲಿ ಇಣುಕುತ್ತಿದ್ದಳು. "ಎಲ್ಲಿ ಹೋದ್ಯೋ ನನ್ನ ಕೂಸೇ?" (ಕೂಸಂತೆ! ಪಕ್ಕದಲ್ಲೇ ಇದ್ದೆ, ಕೇಳಿಸಿತು.)

ಯಾರನ್ನಾದರೂ ಸಹಾಯಕ್ಕೆ ಕರೆಯೋಣವೆಂದು ವಾಪಸ್ ಓಡಿದೆವು. ಕುಂಕುಮದ ಕಲ್ಲಿನ ಬಳಿ ಐದಾರು ಜನ ಬರಿಗಾಲಲ್ಲಿ ನಿಂತು ಗೊಣಗುತ್ತಿದ್ದರು.

"ಯಾರ್ದ್ರೀ ಈ ನಾಯಿ? ಚಪ್ಪಲಿ ಮುಟ್ಟಾಕೆ ಬಿಡವಲ್ದು!"

ಚಪ್ಪಲಿ ರಾಶಿಯ ನಡುವೆ, ಶಾರದಾಳ ಚಪ್ಪಲಿ ಮೇಲೆ ಗದ್ದವೂರಿ ಮಲಗಿತ್ತು ಜಿಮ್ಮಿ. ಹೋದ ಜೀವ ಬಂದಂತಾಯಿತು. ಇದುವರೆಗೆ ಒಮ್ಮೆಯೂ ಅದನ್ನು ಮುಟ್ಟದ ಶಾರದಾ ಕುಸಿದು ಕೂತು ಅಪ್ಪಿಕೊಂಡಳು.

"ನಾನೇ ಕಲ್ಸಿದ್ದು ಕಣ್ರೀ, ಚಪ್ಪಲಿ ದಾಟಬ್ಯಾಡ ಅಂತ. ಬೆಟ್ಟದಾಗೂ ದಾಟಿಲ್ಲ ನೋಡ್ರಿ ಇದು..." ಅಳುವೋ ನಗುವೋ, ಎರಡೂ ಒಟ್ಟಿಗೇ ಬಂತು.

ಡಾಗ್ ಫ್ರೆಂಡ್ಲಿ ಬೆಟ್ಟ ಹುಡುಕಿಕೊಂಡು ಅಷ್ಟು ದೂರ ಹೋಗಿದ್ದೆವಲ್ಲ, ನಮ್ಮ ಮನೆ ಬಾಗಿಲು ಹೆಂಗಿದೆ ಅಂತ ಒಬ್ಬರಾದರೂ ಯೋಚಿಸಿದ್ದೆವಾ?

ಮನೆಗೆ ಬಂದ ಮೇಲೆ ಶಾರದಾ "ಬಾರೋ ಒಳಗೆ" ಎಂದು ಎಷ್ಟು ಕರೆದರೂ ಜಿಮ್ಮಿ ಬರಲಿಲ್ಲ. ಚಪ್ಪಲಿ ಪಕ್ಕದಲ್ಲೇ ಕೂತು ಬಾಲ ಅಲ್ಲಾಡಿಸಿತು. ಕಾನೂನು ಅಂದರೆ ಕಾನೂನು! ಕೊನೆಗೆ ಅವಳೇ ಎಲ್ಲರ ಚಪ್ಪಲಿ ಬಾಚಿಕೊಂಡು ಹಾಲ್‌ಗೆ ತಂದು ಟಿವಿ ಪಕ್ಕ ಜೋಡಿಸಿದಳು. ಹಿಂದೆಯೇ ಬಂತು ಜಿಮ್ಮಿ.

ಈಗ ಯಾರಾದರೂ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಕಳಚಲು ಹೊರಟರೆ ಶಾರದಾ ಒಳಗಿನಿಂದಲೇ ಕೂಗುತ್ತಾಳೆ: "ಅಲ್ಲಿ ಬಿಡಬ್ಯಾಡ್ರೀ, ನಮ್ಮ ಜಿಮ್ಮಿ ಹೊರಗೆ ಹೋಗ್ತೈತೆ!"