ತೋಳ-ಕುರಿ ಆಡಿಸುತ್ತಿದ್ದ ದೊಡ್ಡಪ್ಪ

ದೊಡ್ಡಪ್ಪ ಕುರಿ ಮೇಯಿಸಲು ಹೊರಟನೆಂದರೆ ಕಿವಿಯ ಮೇಲೆ ಇದ್ದಲಿನ ಚೂರೊಂದು ಇರಲೇಬೇಕು. ಎಡಗಿವಿಯೋ ಬಲಗಿವಿಯೋ, ಖಚಿತವಾಗಿ ಹೇಳಲಾರೆ. ಇಲ್ಲಿ ಬರೆಯುವುದರಲ್ಲಿ ಇನ್ನೂ ಕೆಲವು ತಪ್ಪಿರಬಹುದು. ಇದ್ದಲಂತೂ ನಿಜ. ಅವನೂರು ಮತ್ತೋಡಿನ ಸುತ್ತ ಅವನು ಕೂತೆದ್ದ ಬಂಡೆಗಳ ಮೇಲೆಲ್ಲ ಆಟದ ಗೆರೆಗಳಿರುತ್ತಿದ್ದವು.

ಎಲ್ಲರೂ ಹುಲಿ-ಕುರಿ ಎನ್ನುವ ಆಟವನ್ನು ಅವನು ತೋಳ-ಕುರಿ ಎನ್ನುತ್ತಿದ್ದ. “ಹುಲಿ ಕಂಡೋರು ಯಾರವ್ವ ಇಲ್ಲಿ? ನನ್ ಮರಿ ಹೊತ್ಕಂಡು ಹೋಗಿದ್ದು ತೋಳ.” ತೋಳ ಕುರಿಯ ಮೇಲಿಂದ ಹಾರಿದರೆ ತಿಂದಂತೆ. ಕುರಿಗಳು ಸುತ್ತುಗಟ್ಟಿ ತೋಳ ಅಲುಗದಂತೆ ಮಾಡಿದರೆ ಗೆದ್ದಂತೆ. ತೋಳಕ್ಕೆ ಬೆಣಚುಕಲ್ಲು, ಕುರಿಗೆ ಒಣಗಿದ ಕುರಿಹಿಕ್ಕೆ. ಪೇಟೆಯಿಂದ ರಜೆಗೆ ಬಂದ ನಾನು ಮುಟ್ಟಲು ಹೇಸಿದರೆ, “ಯಾಕೆ, ನಿಮ್ ದುರ್ಗದಾಗೆ ಮುತ್ತು ಇಟ್ಟು ಆಡ್ತಾರಾ?” ಎಂದು ಹಂಗಿಸುತ್ತಿದ್ದ.

ನಿಯಮಗಳನ್ನು ಮೊದಲೇ ಹೇಳುತ್ತಿರಲಿಲ್ಲ. ನಾನು ಸೋತು ಜಗಳಕ್ಕೆ ನಿಂತ ಮೇಲೆ ಒಂದೊಂದಾಗಿ ಹೊರಬಿಡುತ್ತಿದ್ದ.

“ಮೋಸ ದೊಡ್ಡಪ್ಪ!”

“ಮೊದ್ಲೇ ಹೇಳಿದ್ರೆ ನೀನು ಕಂಡ್ಕಳಾದೇನೈತೆ?”

ಒಮ್ಮೆ ಮೊಬೈಲಿನ ಆಟ ಆಡಿಸಿದೆ. ಎರಡು ಸಲ ಸೋತ. ಪರದೆಯನ್ನೇ ದಿಟ್ಟಿಸಿ, “ಇದ್ರಾಗೆ ಸೋತ್ರೆ ನಗೋರೇ ಇಲ್ವಲ್ಲೇ” ಎಂದು ಹಿಂದಕ್ಕೆ ಕೊಟ್ಟ.

ಡಿಗ್ರಿ ಮುಗಿಸಿ ಗೇಮ್ ಡಿಸೈನ್ ಎಂ.ಎ.ಗೆ ಅರ್ಜಿ ಹಾಕುವ ಹೊತ್ತಿಗೆ ಅವನು ಹಾಸಿಗೆ ಹಿಡಿದಿದ್ದ.

“ಆಟ ಕಟ್ಟಾಕೂ ಕಾಲೇಜೈತಾ?”

“ಐತೆ ದೊಡ್ಡಪ್ಪ, ಎರಡು ವರ್ಷ.”

“ಪಾಸಾಗಾಕೆ ಸೋಲ್ಬೇಕೋ, ಗೆಲ್ಬೇಕೋ?”

ನಕ್ಕೆ. ಅದೇ ಕೊನೆಯ ಭೇಟಿ.

ಈಗ ಎರಡು ಕಡೆ ಸೀಟು ಸಿಕ್ಕಿದೆ. ಒಂದು ಕಡೆ ಹೊಸ ಆಟ ಕಟ್ಟುವುದನ್ನು ಕಲಿಸುತ್ತಾರೆ. ಇನ್ನೊಂದು ಕಡೆ ಊರೂರಿನ ಹಳೆಯ ಆಟಗಳನ್ನು ದಾಖಲಿಸಿ, ಜನ ಮುಟ್ಟಿ ಆಡುವಂತೆ ಪರದೆಗೆ ತರುತ್ತಾರೆ. ಸೋಮವಾರದೊಳಗೆ ಒಂದನ್ನು ಒಪ್ಪಿಕೊಳ್ಳಬೇಕು. ಎರಡೂ ಕಡೆ ನಾನು ತೋರಿಸಿದ್ದು ಪರದೆಯ ಮೇಲೆ ನಾನೇ ಕಟ್ಟಿದ ತೋಳ-ಕುರಿಯನ್ನೇ. ಅವರು ಮೆಚ್ಚಿದ್ದು ಅದರ ಒಂದು ನಿಯಮವನ್ನು: ಕುರಿ ತಿಂದ ತೋಳ ಒಂದು ಸರದಿ ಮಲಗಬೇಕು, ಅಷ್ಟರಲ್ಲಿ ಉಳಿದ ಕುರಿಗಳು ಅದನ್ನು ಸುತ್ತುಗಟ್ಟಬಹುದು.

ಮೊದಲನೆಯವರು ಸಂದರ್ಶನದಲ್ಲಿ, “ಇದು ನಿಮ್ಮದೇ ಕಲ್ಪನೆಯೇ?” ಎಂದರು. ಹೌದೆಂದೆ. ಎರಡನೆಯವರ ಅರ್ಜಿಯಲ್ಲಿ, ದೊಡ್ಡಪ್ಪನಿಂದ ಕಲಿತದ್ದು ಎಂದು ಬರೆದೆ. ಎರಡು ಸಲವೂ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲಿಲ್ಲ. ನನ್ನನ್ನು ಕೂರಗೊಡದಿರುವುದು ಅದೇ. “ಹೊಟ್ಟೆ ತುಂಬಿದ್ ತೋಳ ಓಡಾಡ್ತೈತೇನೇ?” ಎಂಬ ಅವನ ದನಿ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಅವನ ದನಿಯಲ್ಲಿ ಮಾತು ಕಟ್ಟುವುದು ನನಗೆ ಚಿಕ್ಕಂದಿನಿಂದಲೂ ಬರುತ್ತದೆ. ನಿಯಮ ನನ್ನದಾದರೆ ಮೊದಲನೆಯದಕ್ಕೆ ಹೋಗಬಹುದು. ಅವನದಾದರೆ ನನ್ನ ಜಾಗ ಎರಡನೆಯದು. ಆಗ ಮೊದಲನೆಯವರಿಗೆ ತಪ್ಪೊಪ್ಪಿಗೆಯ ಪತ್ರವನ್ನೂ ಬರೆಯಬೇಕು. ಎರಡು ಫಾರಂಗಳನ್ನೂ ತೆರೆಯುತ್ತೇನೆ, ಮುಚ್ಚುತ್ತೇನೆ.

ನಿಯಮ ಯಾರದೆಂದು ಗೊತ್ತಿರಬಹುದಾದವನು ಒಬ್ಬನೇ, ದೊಡ್ಡಪ್ಪನ ಮಗ. ಅವನೀಗ ಹಿರಿಯೂರಿನ ಕಡೆ ಮಂದೆ ಹೊಡೆದುಕೊಂಡು ಹೋಗಿದ್ದಾನೆ. ಗುರುವಾರ ಫೋನ್ ಮಾಡಿದೆ.

“ಬಿರ್ರನೆ ಹೇಳವ್ವ, ಇಲ್ಲಿ ಕುರಿ ಈಯ್ತೈತೆ.”

“ಅಣ್ಣಾ, ತಿಂದ್ ತೋಳ ಮಲಗ್ಬೇಕು ಅಂತ ದೊಡ್ಡಪ್ಪ ಯಾವತ್ತಾರ ಆಡಿದ್ನಾ?”

“ತಡಿ, ಆಮೇಲ್ ಮಾಡ್ತೀನಿ.”

ಇವತ್ತು ಭಾನುವಾರ. ಅಣ್ಣನ ಫೋನ್ ಇನ್ನೂ ಬಂದಿಲ್ಲ.