ಧಾಟಿಯ ಸಾಲು ಹರಿದ ಹಾಡಿನ ಹಾಳೆ

ಅಮೆರಿಕದ ಮಾರ್ಬಲ್‌ಹೆಡ್ ಬಂದರಿನಲ್ಲಿ ಮೀನು ಒಣಹಾಕುವ ಹಂದರಗಳ ಹಿಂದಿನ ಮನೆ ವಿಧವೆ ಕೆಜಾಯಾಳದು. ಗಂಡ ಮೀನಿಗೆ ಹೋದವನು ಮರಳಲಿಲ್ಲ. ಒಬ್ಬನೇ ಮಗ ಈನಕ್‌ನನ್ನು, ಆಗ ಆ ಸೀಮೆಯನ್ನು ಆಳುತ್ತಿದ್ದ ಇಂಗ್ಲೆಂಡಿನ ರಾಜನ ಯುದ್ಧನೌಕೆಯವರು ಚಾಕರಿಗೆಂದು ದಡದಿಂದಲೇ ಹಿಡಿದು ಎಳೆದೊಯ್ದರು. ದೋಣಿಯ ಹುಟ್ಟು ಹಾಕುತ್ತ ಆ ನಾವಿಕರು ತಮ್ಮ ರಾಜನನ್ನೂ ಹಡಗುಗಳನ್ನೂ ಹೊಗಳುವ ಹಾಡು ಹೇಳುತ್ತಿದ್ದರು. ಅದರ ಎರಡು ಸಾಲುಗಳ ನಡುವೆ ಮಗ "ಅಮ್ಮಾ" ಎಂದು ಕೂಗಿದ್ದ. ಆಮೇಲೆ ಬಂದದ್ದು ಅವನು ಜ್ವರದಿಂದ ಸತ್ತ ಸುದ್ದಿ ಮಾತ್ರ. ಹೆಣವಿಲ್ಲ, ಮಣ್ಣಿಲ್ಲ, ಮಣ್ಣು ಮಾಡುವಾಗಿನ ಕೀರ್ತನೆಯೂ ಇಲ್ಲ.

ಅಂದಿನಿಂದ ಆ ಧಾಟಿ ಎಲ್ಲಿ ಎದ್ದರೂ ಆ ಎರಡು ಸಾಲುಗಳ ನಡುವೆ ಕೆಜಾಯಾಗೆ ಮಗನ ಕೂಗು ಕೇಳುತ್ತಿತ್ತು. ಹೆಂಡದಂಗಡಿಯಲ್ಲಿ, ಹಡಗುಕಟ್ಟೆಯಲ್ಲಿ, ಹಗ್ಗ ಹೊಸೆಯುವಲ್ಲಿ. ಆ ಧಾಟಿ ಏಳದ, ಕೂಗು ಬಾರದ ಜಾಗ ಊರಲ್ಲಿ ಒಂದೇ ಉಳಿದಿತ್ತು: ಪಾದ್ರಿಯ ಅಂಗಳ. ರಾಜ ಹೇರಿದ ತೆರಿಗೆಗೆ ಸಿಟ್ಟಾಗಿ, ಇಂಗ್ಲೆಂಡಿನ ಬಟ್ಟೆ ಬೇಡವೆಂದು ಹೆಂಗಸರು ಅಲ್ಲಿ ರಾಟೆಗಳನ್ನು ತಂದಿಟ್ಟು ನೂಲುತ್ತಿದ್ದರು. ಹಾಡು ಹೇಳಿಕೊಡುವವಳು ಕೆಜಾಯಾ.

ಒಂದು ಮಧ್ಯಾಹ್ನ ನೆರೆಮನೆಯ ಡಾರ್ಕಸ್ ಹಾಳೆಯೊಂದನ್ನು ಬೀಸುತ್ತ ಬಂದಳು.

"ಚಿಕ್ಕಮ್ಮಾ, ಹೊಸ ಹಾಡು! ಶಾಯಿ ಇನ್ನೂ ಕೈಗೆ ಅಂಟುತ್ತೆ ನೋಡಿ. ನಾಳೆ ನೀವೇ ಹೇಳಿಕೊಡ್ಬೇಕು."

ಕೆಜಾಯಾ ಅಕ್ಷರ ಕೂಡಿಸಿ ಓದುವವಳು. ಸ್ವಾತಂತ್ರ್ಯ, ತೆರಿಗೆ, ಗುಲಾಮರಾಗೆವು ಎಂಬ ಮಾತುಗಳಿದ್ದವು. ಸ್ವರ ಅಚ್ಚಾಗಿರಲಿಲ್ಲ, ಯಾವ ಧಾಟಿಯಲ್ಲಿ ಹಾಡಬೇಕೆಂದು ಮೇಲೆ ಒಂದು ಸಾಲು ಇತ್ತು. ಬೆರಳು ಅಲ್ಲೇ ನಿಂತಿತು.

"ಇದು ಆ ರಾಜನ ನಾವಿಕರ ಧಾಟಿ ಕಣೇ."

"ಅದೇ ಅಲ್ವಾ ಮಜಾ? ಅವರ ಚಾಟೀಲೇ ಅವರ ಬೆನ್ನಿಗೆ! ಎಲ್ಲರಿಗೂ ಬಾಯಿಗೆ ಬರುತ್ತೆ."

"ನನ್ನ ಬಾಯಿಗೆ ಬರಲ್ಲ."

"ಹಂಗಾದ್ರೆ ಟ್ರೈಫೀನಾ ಹಾಡ್ತಾಳೆ. ಅವಳು ಬಾಯಿ ಬಿಟ್ರೆ ಕಡಲಹಕ್ಕಿಗಳು ಊರು ಬಿಟ್ಟು ಹೋಗ್ತವೆ, ಆಮೇಲೆ ನನ್ನ ಬೈಬೇಡಿ."

ಯಾರು ಹಾಡಿದರೂ ಆ ಧಾಟಿ ಅಂಗಳ ಹೊಗುತ್ತದೆ. ಹೊಕ್ಕರೆ ಕೂಗೂ ಹೊಗುತ್ತದೆ. ಕೆಜಾಯಾ ಹಾಳೆಯನ್ನು ಹಿಂದಿರುಗಿಸಲಿಲ್ಲ.

ಮರುದಿನ ಜೋಳದ ರೊಟ್ಟಿ, ಕಾಡುಹಣ್ಣಿನ ಎಲೆಯ ಕಷಾಯ ಮುಗಿದ ಮೇಲೆ ಅವಳು ಎದ್ದು ನಿಂತಳು. ಭಾನುವಾರದ ಪ್ರಾರ್ಥನೆಯಲ್ಲಿ ಹಿರಿಯನೊಬ್ಬ ಕೀರ್ತನೆಯ ಸಾಲು ಓದುತ್ತಾನೆ, ಸಭೆ ಅದನ್ನು ಎಳೆದು ಹಾಡುತ್ತದೆ. ಒಂದೇ ಧಾಟಿಗೆ ಹತ್ತಾರು ಕೀರ್ತನೆ ಹೊಂದಿಸುವುದು ಅವರಿಗೆಲ್ಲ ರೂಢಿ. ಕೆಜಾಯಾ ಹಾಗೆಯೇ ಹೊಸ ಹಾಡಿನ ಮೊದಲ ಸಾಲು ಓದಿದಳು. ಆಮೇಲೆ ಎತ್ತಿದ ಧಾಟಿ ಮಾತ್ರ ಮಣ್ಣು ಮಾಡುವಾಗಿನ ಕೀರ್ತನೆಯದು.

"ಅಯ್ಯೋ, ಯಾರ ಹೆಣ ಹೊರ್ತಿದೀವಿ?" ಎಂದು ಟ್ರೈಫೀನಾ ಗೊಣಗಿದಳು.

"ಹೊರೋಕೆ ಸಿಗದೇ ಹೋದದ್ದನ್ನ," ಎಂದಳು ಕೆಜಾಯಾ. "ಹಾಡು."

ಡಾರ್ಕಸ್ ತಲೆ ತಗ್ಗಿಸಿ ಮೊದಲು ದನಿ ಕೂಡಿಸಿದಳು. ಉಳಿದವರೂ ಕೂಡಿಸಿದರು. ರಾಟೆಗಳು ನಿಂತವು. ಸಾಲು ಮುಗಿದಾಗ ಕೆಜಾಯಾ ಬಿಗಿಯಾಗಿ ನಿಂತು ಕಾದಳು. ಕೂಗು ಬರಲಿಲ್ಲ. ಎರಡನೆಯ ಸಾಲು ಓದಿದಳು. ಹೆಂಗಸರು ಹಾಡಿದರು, ಅವರ ಹಿಂದೆ, ಬೇಲಿಯ ಕಡೆಯಿಂದ, ತುಸು ತಡವಾಗಿ, ಗಂಡು ದನಿಯೊಂದು ಅದೇ ಸಾಲನ್ನು ಮುಗಿಸಿತು. ಬೇಲಿಯ ಬಳಿ ಯಾರೂ ಇರಲಿಲ್ಲ. ಅವಳು ತಿರುಗಿ ನೋಡದೆ ಮೂರನೆಯ ಸಾಲು ಓದಿದಳು.

ಊರೆಲ್ಲ ಆ ಹಾಡನ್ನು ರಾಜನ ಹಾಡಿನ ಧಾಟಿಯಲ್ಲೇ ಹಾಡಿತು. ಗೋಡೆಗೆ ಅಂಟಿಸಿದ ಹಾಳೆಗಳನ್ನು ಮಳೆ ತಿಂದಿತು, ಉಳಿದವು ಒಲೆಗೆ ಹೋದವು. ಕೆಜಾಯಾ ತನ್ನ ಹಾಳೆಯ ಮೇಲಿದ್ದ ಧಾಟಿಯ ಸಾಲನ್ನಷ್ಟೇ ಹರಿದು ಎಸೆದು, ಉಳಿದದ್ದನ್ನು ಮಗನ ಪೆಟ್ಟಿಗೆಯ ಮುಚ್ಚಳದ ಒಳಗೆ ಗಂಜಿ ಹಚ್ಚಿ ಅಂಟಿಸಿದಳು. ಆಗಾಗ ಮುಚ್ಚಳ ತೆರೆದು ಒಂದು ಸಾಲು ಓದುವಳು. ಆಮೇಲೆ ಸುಮ್ಮನೆ ಕೂರುವಳು, ಬೇಲಿಯ ಕಡೆಯಿಂದ ಬಂದಿದ್ದ ಆ ದನಿ ಹಾಡಿ ಮುಗಿಸಲೆಂದು.